ಈಕ್ವಲೈಜರ್ ಮುಟ್ಟುವ ಮೊದಲು ಭಾಗವತರ ಮೈಕ್ ನೋಡಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಯಕ್ಷಗಾನಕ್ಕೆ ಮೈಕ್ ಕಟ್ಟುವವರು. ಹಾಗಾಗಿ ನೇರ, ಪದ ಹಾಡುವ ಭಾಗವತರ ಮೈಕ್‌ಗೆ ಬರುತ್ತೇನೆ. ನಮಗೆ ಬೈಗುಳ ಬೀಳುವುದು ಜಾಸ್ತಿ ಅದರಿಂದಲೇ, ಅಲ್ವಾ?

ದೂರು ಯಾವಾಗಲೂ ಒಂದೇ. "ಪದದ ಸಾಹಿತ್ಯ ಕೇಳುವುದೇ ಇಲ್ಲ ಮಾರಾಯ್ರೆ, ಬರೀ ಚೆಂಡೆ!" ಕೂಡಲೇ ನಮ್ಮ ಕೈ ಈಕ್ವಲೈಜರ್‌ಗೆ, ಅಂದರೆ ಸದ್ದಿನ ಒಂದೊಂದು ಭಾಗವನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನಕ್ಕೆ ಹೋಗುತ್ತದೆ. ಚೆಂಡೆಯ ಪೆಟ್ಟು ಚುಚ್ಚುತ್ತದೆ ಅಂತ 3 ಕಿಲೋಹರ್ಟ್ಜ್ ಸುತ್ತ 6 ಡೆಸಿಬಲ್ ಇಳಿಸುತ್ತೇವೆ. ಆದರೆ ಹಾಡಿನ ಅಕ್ಷರಗಳು ಬಿಡಿಸಿ ಕೇಳುವುದೂ ಅದೇ ಜಾಗದಲ್ಲಿ. ಒಂದು ಮೈಕಿನೊಳಗೆ ಸೇರಿಹೋದ ಎರಡು ಸದ್ದನ್ನು ಈಕ್ವಲೈಜರ್ ಬೇರೆ ಮಾಡಲಾರದು. ಅಲ್ಲಿ ಚೆಂಡೆ 6 ಡೆಸಿಬಲ್ ಇಳಿದರೆ ಪದವೂ ಅಷ್ಟೇ ಇಳಿಯಿತು. ಭಾಗವತರು ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ, ಚೆಂಡೆ ಮಾತ್ರ ಹಾಗೇ ಮುಂದಿದೆ.

ಈಗ ಮೈಕನ್ನೇ ಸರಿಸಿ. ಬಾಯಿಂದ 60 ಸೆಂಟಿಮೀಟರ್ ದೂರ ಇದ್ದದ್ದನ್ನು 15ಕ್ಕೆ ತನ್ನಿ. ದೂರ ಅರ್ಧವಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಏರುತ್ತದೆ. ಇಲ್ಲಿ ಎರಡು ಸಲ ಅರ್ಧವಾಯಿತು, ಅಂದರೆ 12 ಡೆಸಿಬಲ್. ಚೆಂಡೆಗೂ ಮೈಕಿಗೂ ಇರುವ ದೂರ ಹೆಚ್ಚು ಕಡಿಮೆ ಮೊದಲಿನಷ್ಟೇ. ಮಿಕ್ಸರ್‌ನಲ್ಲಿ ಆ ಮೈಕಿನ ಸದ್ದನ್ನು ಹಿಗ್ಗಿಸುವ ಗೇನ್ 12 ಡೆಸಿಬಲ್ ಇಳಿಸಿಬಿಡಿ. ಪದ ಇದ್ದ ಹಾಗೇ ಇರುತ್ತದೆ, ಚೆಂಡೆ ಆ ಮೈಕಿನಲ್ಲಿ ಅಷ್ಟು ಹಿಂದೆ ಹೋಗುತ್ತದೆ. ಎಷ್ಟು ದುಬಾರಿ ಈಕ್ವಲೈಜರ್ ತಂದರೂ ಈ ಕೆಲಸ ಆಗುವುದಿಲ್ಲ. ಮುಖಕ್ಕೆ ಅಡ್ಡ ಬರುತ್ತದೆ ಅಂತ ಭಾಗವತರು ಗೊಣಗಬಹುದು. ಕೆಳಗಿನಿಂದ ಓರೆಯಾಗಿ ಇಡಿ, ಆಟಕ್ಕೆ ಮೊದಲೇ ಮಾತಾಡಿ ಒಪ್ಪಿಸಿ. ಮಧ್ಯೆ ಹೋಗಿ ಸ್ಟ್ಯಾಂಡ್ ಎಳೆದರೆ ಯಾರಿಗೂ ಇಷ್ಟವಾಗುವುದಿಲ್ಲ.

ಮೈಕಿನ ಬೆನ್ನು ಯಾವ ಕಡೆ ಇದೆ ಅನ್ನುವುದನ್ನೂ ನೋಡಿ. ಎದುರಿನ ಸದ್ದನ್ನು ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ಪಕ್ಕದ ಸದ್ದನ್ನು ಬರೀ 6 ಡೆಸಿಬಲ್‌ನಷ್ಟು ತಗ್ಗಿಸುತ್ತದೆ. ಅದು ನಿಜವಾಗಿ ಕಿವುಡಾಗುವುದು ಹಿಂಬದಿಗೆ. ಇನ್ನೂ ಕಿರಿದಾಗಿ ಹಿಡಿಯುವ ಸೂಪರ್‌ಕಾರ್ಡಿಯಾಯ್ಡ್ ಆದರೆ ಹಿಂದಿನ ಎರಡು ಓರೆಗಳಲ್ಲಿ, ಮೈಕಿನ ಎದುರಿನಿಂದ ಸುಮಾರು 125 ಡಿಗ್ರಿಯಲ್ಲಿ. ಚೆಂಡೆಯೂ, ಕಲಾವಿದರಿಗೇ ಕೇಳಲು ಇಡುವ ಸ್ಪೀಕರ್ ಮಾನಿಟರೂ ಆ ಕಿವುಡು ಜಾಗಕ್ಕೆ ಬೀಳಬೇಕು.

ಹತ್ತಿರ ತಂದ ಮೈಕ್ ಬೇಸ್ ಉಬ್ಬಿಸುತ್ತದೆ, ನಿಜ. ಅದಕ್ಕೆ ತಗ್ಗಿನ ಸದ್ದನ್ನು ಕತ್ತರಿಸುವ ಲೋ ಕಟ್ ಗುಂಡಿ ಒತ್ತಿ. ಏರು ಶ್ರುತಿಯ ಪದದಲ್ಲಿ 100 ಹರ್ಟ್ಜ್ ಕೆಳಗೆ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲ. ಇದನ್ನು ಮಾತ್ರ ನಾನು ಯೋಚಿಸದೆ ಮಾಡುತ್ತೇನೆ.

ಇನ್ನು 31 ಬ್ಯಾಂಡಿನ, ಅಂದರೆ 31 ಪಟ್ಟಿಗಳ ಗ್ರಾಫಿಕ್ ಈಕ್ವಲೈಜರ್. ಮೈಕ್ ಕುಂಯ್ ಅಂದಾಗ ಒಂದು ಪಟ್ಟಿ ಇಳಿಸುತ್ತೇವೆ, ಮತ್ತೆ ಕುಂಯ್ ಅಂದರೆ ಇನ್ನೊಂದು. ಹತ್ತು ಪಟ್ಟಿ ಇಳಿದ ಮೇಲೆ ಒಟ್ಟು ಸದ್ದೇ ಕಡಿಮೆಯಾಗಿರುತ್ತದೆ. ಆಗ ಮಾಸ್ಟರ್ ಏರಿಸುತ್ತೇವೆ. ಹೊರಟಲ್ಲಿಗೇ ಬಂದು ನಿಂತೆವು, ಸದ್ದಿನ ಬಣ್ಣ ಮಾತ್ರ ಕೆಟ್ಟಿತು. ಅದರ ಬದಲು ಬೇಡದ ಮೈಕ್ ಮುಚ್ಚಿ. ತೆರೆದ ಮೈಕ್‌ಗಳು ಅರ್ಧವಾದರೆ ಕೂಗುವ ಮೊದಲು ಸುಮಾರು 3 ಡೆಸಿಬಲ್ ಜಾಗ ಸಿಗುತ್ತದೆ.

ಪದ ನಡೆಯುವಾಗ ಮುಮ್ಮೇಳದ, ಅಂದರೆ ವೇಷಧಾರಿಗಳ ಮೈಕ್‌ಗಳನ್ನು ತಗ್ಗಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಭಾಗವತರ ದನಿ 3.4 ಮೀಟರ್ ದಾಟಿ ಮುಂದಿನ ಮೈಕಿಗೆ ಹೋಗಲು 10 ಮಿಲಿಸೆಕೆಂಡ್ ಬೇಕು. ತಡವಾಗಿ ಬಂದದ್ದು ಮೊದಲಿನದಕ್ಕೆ ಸೇರಿದಾಗ ಕೆಲವು ಸ್ವರ ಸಾಯುತ್ತವೆ, ಕೆಲವು ಉಬ್ಬುತ್ತವೆ. ದನಿ ಪೊಳ್ಳಾಗಿ ಕೇಳುತ್ತದೆ. ಇದಕ್ಕೆ ಈಕ್ವಲೈಜರ್‌ನಲ್ಲಿ ಮದ್ದಿಲ್ಲ. ಆ ಮೈಕ್‌ಗಳ ಮಟ್ಟ ಬದಲಿಸುವ ಫೇಡರ್ ಇಳಿಸಿ, ಮಾತು ಶುರುವಾದಾಗ ಏರಿಸಿ. ಅದಕ್ಕೆ ಪ್ರಸಂಗ ಗೊತ್ತಿರಬೇಕು. ಮೊಬೈಲ್ ನೋಡುತ್ತಾ ಕೂತರೆ ಆಗದು.

ಹಾಗಾದರೆ ಈಕ್ವಲೈಜರ್ ಬೇಡವೇ? ಬೇಕು. ಗದ್ದೆಯಲ್ಲಿ ಸರಿಯಿದ್ದ ಸದ್ದು ಗೋಡೆಯಿರುವ ಸಭಾಭವನದಲ್ಲಿ ಗುಂಯ್‌ಗುಟ್ಟುತ್ತದೆ. ಆಗ ಆ ಒಂದು ಜಾಗ ಹುಡುಕಿ 3 ಡೆಸಿಬಲ್ ಇಳಿಸಿ ಕೇಳಿ. ಏರಿಸುವ ಆಸೆ ಬಂದರೆ ಲೆಕ್ಕ ಹಾಕಿ: 6 ಡೆಸಿಬಲ್ ಏರಿಸಿದರೆ ಆಂಪ್ಲಿಫೈಯರ್ ಆ ಭಾಗಕ್ಕೆ 4 ಪಟ್ಟು ಶಕ್ತಿ ಕೊಡಬೇಕು, ಮೈಕ್ ಅಲ್ಲೇ ಮೊದಲು ಕೂಗುತ್ತದೆ. ಮಾಡಿದ್ದು ಸರಿಯೋ ಅಂತ, ಈಕ್ವಲೈಜರ್ ಇಲ್ಲದೆ ಕೇಳಿಸುವ ಬೈಪಾಸ್ ಒತ್ತಿ ನೋಡಿ, ಎರಡೂ ಸಲ ಸದ್ದಿನ ಮಟ್ಟ ಒಂದೇ ಇರಲಿ. ಜೋರಾಗಿರುವುದೇ ಚೆನ್ನ ಅಂತ ಕಿವಿಗೆ ಸುಮ್ನೆ ಅನಿಸಿಬಿಡುತ್ತದೆ.

ಚೆಂಡೆಯವರೂ ಭಾಗವತರೂ ಬಂದಿದ್ದಾರೆ. ಎಲ್ಲ ಪಟ್ಟಿಗಳನ್ನೂ ನಡುವಿಗೆ ತಂದಿಟ್ಟಿದ್ದೇನೆ. ಇಬ್ಬರು ಮಿಕ್ಸರ್ ಹತ್ತಿರ ಬನ್ನಿ, ಒಬ್ಬರು ಮೈಕ್ ಸ್ಟ್ಯಾಂಡ್ ಹಿಡಿಯಿರಿ.