ಮತ್ತೆ ಕಟ್ಟಲು ಬರುವ ಸರ್ವರ್

ನಮಸ್ಕಾರ. ಈ ಶೆಲ್ಫಿನ ಮೇಲೆ ಮುಚ್ಚಿಕೊಂಡೇ ಹಗಲಿರುಳು ಓಡುತ್ತಿರುವ ಹಳೆಯ ಲ್ಯಾಪ್‌ಟಾಪೇ ನನ್ನ ಮನೆಯ ಸರ್ವರ್. ಬ್ಯಾಟರಿ ಇರುವುದರಿಂದ ಕರೆಂಟು ಹೋದ ತಕ್ಷಣ ನಿಲ್ಲುವುದಿಲ್ಲ. ಮನೆಯವರ ಫೋಟೊ, ದಾಖಲೆಗಳೆಲ್ಲ ಇದರಲ್ಲೇ ಇವೆ. ಸಿಸ್ಟಂ ಅಡ್ಮಿನಿಸ್ಟ್ರೇಷನ್ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಕಾಣುವುದಿಲ್ಲ. ಏನಾದರೂ ಕೆಟ್ಟರೆ ಉತ್ತರ ಹೇಳಬೇಕಾದವರು ನಾವೇ.

ಇದರಲ್ಲಿರುವುದು ಡೆಬಿಯನ್, 1993ರಲ್ಲಿ ಆರಂಭವಾದ, ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಒಂದು ವಿತರಣೆ. ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಸ್ಥಿರ ಆವೃತ್ತಿ ಬರುತ್ತದೆ. ನಡುವೆ ಬರುವುದು ಬಹುಪಾಲು ಭದ್ರತಾ ತಿದ್ದುಪಡಿಗಳು. ಅವು ತಾವಾಗಿಯೇ ಸೇರಿಕೊಳ್ಳುವಂತೆ ಮಾಡಿದ್ದೇನೆ. ಕಲಿಯುವವರು ಹೊಸ ಆವೃತ್ತಿಗಳ ಬೆನ್ನು ಹತ್ತಬಾರದು. ತಳ ಅಲುಗಾಡದಿದ್ದರೆ, ಯಾವ ಬದಲಾವಣೆ ನಮ್ಮ ಕೈಯಿಂದಾದದ್ದು ಎಂದು ಗುರುತಿಸುವುದು ಸುಲಭ.

ಈಗ ಪರದೆ ನೋಡಿ. ಸಂರಚನೆಯ ಕಡತಗಳಿರುವ ಇಟಿಸಿ ಡೈರೆಕ್ಟರಿಯನ್ನು, ಬದಲಾವಣೆಗಳ ಇತಿಹಾಸ ಉಳಿಸುವ ಗಿಟ್‌ನಲ್ಲಿ ಇಟ್ಟಿದ್ದೇನೆ. ಪ್ರತಿ ಬದಲಾವಣೆಯ ಜೊತೆಗೆ ಅದನ್ನು ಏಕೆ ಮಾಡಿದೆ ಎಂಬ ಒಂದು ಸಾಲು. ಇದು ದೂರದಿಂದ ಸರ್ವರ್‌ನೊಳಗೆ ಬರಲು ಬಳಸುವ ಎಸ್‌ಎಸ್‌ಎಚ್‌ನ ಕಡತ: ಪಾಸ್‌ವರ್ಡ್ ಪ್ರವೇಶ ನಿಲ್ಲಿಸಿ, ಡಿಜಿಟಲ್ ಕೀಲಿ ಇದ್ದವರಿಗೆ ಮಾತ್ರ ಬಾಗಿಲು ತೆರೆಯುವಂತೆ ಮಾಡುತ್ತಿದ್ದೇನೆ. ಮೊದಲು ‘ಎಸ್‌ಎಸ್‌ಎಚ್‌ಡಿ ಮೈನಸ್ ಟಿ’ ಆದೇಶದಿಂದ ಕಡತದಲ್ಲಿ ದೋಷವಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಸೇವೆಯನ್ನು ರೀಲೋಡ್ ಮಾಡುತ್ತೇನೆ. ಹಳೆಯ ಕಿಟಕಿಯನ್ನು ಮುಚ್ಚುವುದಿಲ್ಲ. ಹೊಸ ಕಿಟಕಿಯಿಂದ ಒಳಗೆ ಬರಲು ಸಾಧ್ಯವಾದ ಮೇಲಷ್ಟೇ ಹಳೆಯದನ್ನು ಬಿಡುವುದು. ದೂರದಲ್ಲಿರುವ ಯಂತ್ರವನ್ನು ನೋಡಿಕೊಳ್ಳುವವರಿಗೆ ಈ ಅಭ್ಯಾಸ ಚಿನ್ನದಂಥದ್ದು.

ಇನ್ನು ಬ್ಯಾಕಪ್. ಒಂದೇ ಮಾಹಿತಿಯನ್ನು ಎರಡು ಡಿಸ್ಕ್‌ಗಳಲ್ಲಿ ಒಟ್ಟಿಗೆ ಇಡುವ ರೇಯ್ಡ್ ಇದೆ, ಸಾಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ಡಿಸ್ಕ್‌ಗಳಲ್ಲಿ ಒಂದು ಸತ್ತರೆ ರೇಯ್ಡ್ ಕಾಪಾಡುತ್ತದೆ. ಕಡತವನ್ನೇ ಅಳಿಸಿದರೆ ಅದು ಎರಡರಿಂದಲೂ ಒಟ್ಟಿಗೇ ಹೋಗುತ್ತದೆ. ಹಾಗಾಗಿ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಪ್ರತಿ ರಾತ್ರಿ ಗೂಢಲಿಪೀಕರಿಸಿದ ಪ್ರತಿಗಳನ್ನು ಮಾಡುತ್ತದೆ: ಒಂದು ಹೊರಗಿನ ಡಿಸ್ಕ್‌ಗೆ, ಇನ್ನೊಂದು ಮನೆಯಿಂದ ಆಚೆಗೆ. ಅದರ ಕೀಲಿಪದವನ್ನು ಸರ್ವರ್‌ನ ಹೊರಗೂ ಬರೆದಿಟ್ಟಿದ್ದೇನೆ. ಅದು ಕಳೆದರೆ ಬ್ಯಾಕಪ್ ಇದ್ದೂ ಇಲ್ಲದಂತೆ.

ಇದನ್ನೆಲ್ಲ ಪರೀಕ್ಷಿಸುವ ಕೆಲಸ ನನಗೆ ಅತ್ಯಂತ ಪ್ರಿಯವಾದದ್ದು. ಆಗಾಗ ಖಾಲಿ ವರ್ಚುವಲ್ ಯಂತ್ರವೊಂದನ್ನು, ಅಂದರೆ ತಂತ್ರಾಂಶದಲ್ಲೇ ಓಡುವ ಕಂಪ್ಯೂಟರನ್ನು ಎಬ್ಬಿಸಿ, ಡೆಬಿಯನ್ ಹಾಕಿ, ಬರೆದಿಟ್ಟ ಹಂತಗಳನ್ನು ತಾನೇ ನಡೆಸುವ ಆನ್ಸಿಬಲ್ ಓಡಿಸಿ, ಇಡೀ ಸರ್ವರನ್ನು ಬರೆದಿಟ್ಟದ್ದರಿಂದಲೇ ಕಟ್ಟುತ್ತೇನೆ. ನಿಗದಿತ ಹೊತ್ತಿಗೆ ಕೆಲಸ ನಡೆಸುವ, ಎಲ್ಲೂ ಬರೆದಿಡದ ಕ್ರಾನ್ ಸಾಲು, ನೆನಪಿನಲ್ಲಷ್ಟೇ ಇದ್ದ ಅನುಮತಿ, ಎಲ್ಲವೂ ಆಗ ಬೆಳಕಿಗೆ ಬರುತ್ತವೆ.

ಇವತ್ತಿನ ಯಂತ್ರ ಬೂಟ್ ಆಗಿದೆ. ಡೇಟಾಬೇಸ್‌ನಿಂದ ಶುರು ಮಾಡೋಣ. ನಡೆಯುತ್ತಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕಡತಗಳನ್ನು ಹಾಗೆಯೇ ನಕಲು ಮಾಡಿದರೆ ನಂಬುವಂತಿಲ್ಲ. ಅದಕ್ಕೇ ಪೋಸ್ಟ್‌ಗ್ರೆಸ್‌ನದೇ ಪ್ರತಿ ತೆಗೆಯುವ ಸಾಧನವಾದ ಪಿಜಿ ಡಂಪ್‌ನಿಂದ ತೆಗೆದ ಪ್ರತಿಯನ್ನು ಮೊದಲು ಮರಳಿಸುತ್ತೇನೆ. ಆಮೇಲೆ ಫೋಟೊಗಳು.