ಐವತ್ತು ಜನರ ಊರಿಗೊಂದು ಗೋಡೆ

ನಮಸ್ಕಾರ ಕೇಳುಗರೇ. ಬರ್ಲಿನ್ ಗೋಡೆಯ ಹೆಸರು ಕೇಳದವರು ಕಡಿಮೆ. ಆದರೆ ಅಂಥದ್ದೇ ಕಾಂಕ್ರೀಟ್ ಗೋಡೆಯೊಂದು ಹೆಚ್ಚೂಕಡಿಮೆ ಐವತ್ತೇ ಜನರಿದ್ದ ಹಳ್ಳಿಯೊಂದರ ನಡುವೆಯೂ ಎದ್ದು ನಿಂತಿತ್ತು ಅಂದರೆ ನಂಬುತ್ತೀರಾ? ಆ ಊರಿನ ಹೆಸರು ಮ್ಯೋಡ್ಲಾರಾಯ್ಟ್. ಹೇಳುವಾಗ ನಾಲಿಗೆ ಸ್ವಲ್ಪ ತೊಡರುತ್ತದೆ, ಇರಲಿ.

ಜರ್ಮನಿಯ ನಕ್ಷೆಯಲ್ಲಿ ಮ್ಯೂನಿಕ್‌ನಿಂದ ಬರ್ಲಿನ್‌ಗೆ ಹೋಗುವ ಹೆದ್ದಾರಿಯನ್ನೇ ಹಿಡಿದು ಹೊರಡಿ. ಸುಮಾರು ಅರ್ಧ ದಾರಿಯಲ್ಲಿ ಹೋಫ್ ಅನ್ನುವ ಪಟ್ಟಣ ಸಿಗುತ್ತದೆ. ಅದರಿಂದ ಸ್ವಲ್ಪ ಉತ್ತರಕ್ಕೆ ಈ ಹಳ್ಳಿ. ಚೆಕ್ ದೇಶದ ಗಡಿಯೂ ದೂರವೇನಿಲ್ಲ. ಸಣ್ಣ ಸಣ್ಣ ಗುಡ್ಡ, ಹೊಲ, ಹುಲ್ಲುಗಾವಲು, ನಡುನಡುವೆ ಕಾಡು. ಚಳಿ ಎಷ್ಟು ಜಾಸ್ತಿ ಅಂದರೆ, ಈ ಕಡೆಯನ್ನು ಜರ್ಮನ್ನರೇ ತಮಾಷೆಗೆ ‘ಬವೇರಿಯಾದ ಸೈಬೀರಿಯಾ’ ಅನ್ನುತ್ತಾರೆ. ಊರು ಅಂದರೆ ಒಂದಷ್ಟು ರೈತರ ಮನೆ, ಕೊಟ್ಟಿಗೆ, ಕಣಜ. ನಡುವೆ ತಾನ್‌ಬಾಖ್ ಅನ್ನುವ ತೊರೆ. ನಮ್ಮ ಗದ್ದೆ ಕಾಲುವೆಯಷ್ಟೇ ಅಗಲ, ಮಕ್ಕಳೂ ಹಾರಿ ದಾಟಬಹುದು.

ಈ ಪುಟ್ಟ ತೊರೆ ಗಡಿಯಾದದ್ದು ನಿನ್ನೆ ಮೊನ್ನೆಯಲ್ಲ. ಹದಿನಾರನೇ ಶತಮಾನದಿಂದಲೂ ಒಂದು ದಡ ಒಬ್ಬ ದೊರೆಗೆ, ಇನ್ನೊಂದು ದಡ ಇನ್ನೊಬ್ಬ ದೊರೆಗೆ. 1810ರಲ್ಲಿ ಇಲ್ಲಿ ಗಡಿಕಲ್ಲು ನೆಟ್ಟರು. ಒಂದು ಬದಿಗೆ ಕೆ.ಬಿ. ಅಂತ, ಅಂದರೆ ಬವೇರಿಯಾ ರಾಜ್ಯ. ಇನ್ನೊಂದು ಬದಿಗೆ ಎಫ್.ಆರ್. ಅಂತ, ಅಂದರೆ ರಾಯ್ಸ್ ಸಂಸ್ಥಾನ. ಈ ರಾಯ್ಸ್ 1920ರಲ್ಲಿ ತುರಿಂಗಿಯಾ ರಾಜ್ಯಕ್ಕೆ ಸೇರಿಹೋಯಿತು. ಊರವರು ಇದನ್ನೆಲ್ಲ ತಲೆಗೆ ಹಚ್ಚಿಕೊಂಡವರೇ ಅಲ್ಲ. ಶಾಲೆ ಮತ್ತು ಹೆಂಡದಂಗಡಿ ತುರಿಂಗಿಯಾ ಕಡೆ, ಚರ್ಚಿಗೆ ಮಾತ್ರ ಎಲ್ಲರೂ ಬವೇರಿಯಾದ ಟ್ಯೋಪನ್ ಊರಿಗೆ. ಕಂದಾಯ ಕಟ್ಟುವಾಗ ಬಿಟ್ಟರೆ ಗಡಿ ಯಾರಿಗೆ ನೆನಪಾಗುತ್ತಿತ್ತು, ಹೇಳಿ?

1945ರಲ್ಲಿ ಹಿಟ್ಲರನ ಯುದ್ಧ ಮುಗಿಯಿತು. ಗೆದ್ದವರು ಜರ್ಮನಿಯನ್ನು ಹಂಚಿಕೊಳ್ಳುವಾಗ ಹೊಸ ಗೆರೆ ಎಳೆಯುವ ಗೋಜಿಗೆ ಹೋಗಲಿಲ್ಲ, ಹಳೆಯ ರಾಜ್ಯಗಳ ಗಡಿಯನ್ನೇ ಬಳಸಿಕೊಂಡರು. ತುರಿಂಗಿಯಾ ಸೋವಿಯತ್ ಪಾಲಿಗೆ, ಬವೇರಿಯಾ ಅಮೆರಿಕದ ಪಾಲಿಗೆ. 1949ರಲ್ಲಿ ಎರಡು ಜರ್ಮನಿ ಹುಟ್ಟಿದವು, ತೊರೆಯ ಆಚೆ ತುರಿಂಗಿಯಾ ದಡ ಪೂರ್ವ ಜರ್ಮನಿಗೆ, ಈಚೆ ಬವೇರಿಯಾ ದಡ ಪಶ್ಚಿಮ ಜರ್ಮನಿಗೆ. ಆದರೂ ಮೊದಮೊದಲು ಪಾಸ್ ತೋರಿಸಿ ಅತ್ತಿಂದಿತ್ತ ಓಡಾಡಬಹುದಿತ್ತು.

ಬಾಗಿಲು ಮುಚ್ಚಿದ್ದು 1952ರಲ್ಲಿ. ಪೂರ್ವ ಜರ್ಮನಿ ಸರ್ಕಾರ ಮೇ ತಿಂಗಳಲ್ಲಿ ಆದೇಶ ಹೊರಡಿಸಿತು: ಗಡಿಗೆ ತಾಗಿ 10 ಮೀಟರ್ ನೆಲ ಬೋಳಿಸಿ ಉಳಬೇಕು, 500 ಮೀಟರ್ ಬಿಗಿ ಕಾವಲು, 5 ಕಿಲೋಮೀಟರ್ ಒಳಗೆ ಬರಬೇಕಾದರೆ ಪರವಾನಗಿ. ಉತ್ತ ಆ ಪಟ್ಟಿಯನ್ನು ಹೊಲ ಹಸನು ಮಾಡಿದ ಹಾಗೆ ನಯವಾಗಿ ಇಡುತ್ತಿದ್ದರು. ಏನನ್ನೂ ಬಿತ್ತಲಿಕ್ಕಲ್ಲ. ರಾತ್ರಿ ಯಾರಾದರೂ ದಾಟಿದರೆ ಬೆಳಿಗ್ಗೆ ಹೆಜ್ಜೆ ಗುರುತು ಕಾಣಲಿ ಅಂತ. ಜೂನ್‌ನಲ್ಲಿ ಗಡಿಯುದ್ದಕ್ಕೂ ಸಾವಿರಾರು ಜನರನ್ನು, ಇವರನ್ನು ನಂಬೋಕಾಗಲ್ಲ ಅಂತ ಹೇಳಿ, ಮನೆಮಠ ಬಿಡಿಸಿ ದೂರದ ಊರುಗಳಿಗೆ ಸಾಗಿಸಿದರು. ಹುಟ್ಟಿದ ಮನೆ ಬಿಟ್ಟು ಹೊರಡಲು ಅವರಿಗೆ ಸಿಕ್ಕಿದ್ದು ಕೆಲವೇ ಗಂಟೆ.

ಮ್ಯೋಡ್ಲಾರಾಯ್ಟ್‌ನಲ್ಲಿ ಮೊದಲು ಬಂದದ್ದು ಹಲಗೆ ಬೇಲಿ, ಆಮೇಲೆ ಮುಳ್ಳುತಂತಿ, 1966ರಲ್ಲಿ ಕಾಂಕ್ರೀಟ್ ಗೋಡೆ. ಉದ್ದ ಸುಮಾರು 700 ಮೀಟರ್, ಎತ್ತರ ಮೂರು ಮೀಟರಿಗೂ ಜಾಸ್ತಿ. ಜೊತೆಗೆ ಕಾವಲು ಗೋಪುರ, ರಾತ್ರಿಯಿಡೀ ದೀಪ. ಪಶ್ಚಿಮದ ಕಡೆಯವರು ತೊರೆಯ ತನಕ ಬಂದು ನೋಡಬಹುದಿತ್ತು. ಪೂರ್ವದ ಕಡೆಯವರು ಆಚೆಯವರಿಗೆ ಕೈ ಬೀಸುವುದೂ ನಿಷಿದ್ಧ. ಎದುರುಮನೆಯ ನೆಂಟರು ಕಂಡರೂ ಕಾಣದ ಹಾಗೆ ಹೋಗಬೇಕು. ನನ್ನನ್ನು ಕೇಳಿದರೆ ಗೋಡೆಗಿಂತ ಇದೇ ದೊಡ್ಡ ಕ್ರೌರ್ಯ. ಗೋಡೆ ಕಟ್ಟಿದ ಮೇಲೂ ಕೈ ಬೀಸಿದರೆ ಅವರಿಗೆ ಏನು ನಷ್ಟವಾಗುತ್ತಿತ್ತೋ!

ಅಮೆರಿಕದ ಸೈನಿಕರು ಈ ಊರನ್ನು ‘ಪುಟ್ಟ ಬರ್ಲಿನ್’ ಅಂತ ಕರೆದರು, ಹೆಸರು ನಿಂತುಬಿಟ್ಟಿತು. 1983ರ ಫೆಬ್ರವರಿಯಲ್ಲಿ ಆಗಿನ ಅಮೆರಿಕದ ಉಪಾಧ್ಯಕ್ಷ ಜಾರ್ಜ್ ಬುಷ್ ಇಲ್ಲಿಗೂ ಬಂದು ಹೋದರು. ಹಿಂದೆ ಅಮೆರಿಕದ ಅಧ್ಯಕ್ಷ ಕೆನಡಿ ಬರ್ಲಿನ್‌ನಲ್ಲಿ ‘ನಾನೂ ಬರ್ಲಿನ್‌ನವನು’ ಅಂದಿದ್ದರಲ್ಲ, ಅದೇ ಧಾಟಿಯಲ್ಲಿ ಇವರು ‘ನಾನೂ ಮ್ಯೋಡ್ಲಾರಾಯ್ಟ್‌ನವನು’ ಅಂದರು. ಐವತ್ತು ಜನರ ಊರಿಗೆ ಅಮೆರಿಕದ ಉಪಾಧ್ಯಕ್ಷರು!

1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು, ಇಡೀ ಜಗತ್ತು ಟಿವಿಯಲ್ಲಿ ನೋಡಿತು. ಇಲ್ಲಿ ಮಾತ್ರ ತೊರೆ ದಾಟಲು ಮತ್ತೂ ಒಂದು ತಿಂಗಳು ಕಾಯಬೇಕಾಯಿತು. ಡಿಸೆಂಬರ್ 9ರಂದು ಕಾಲ್ನಡಿಗೆಯವರಿಗೆ ದಾರಿ ಬಿಟ್ಟರು. ಮುಂದಿನ ವರ್ಷ ಜೂನ್ 17ಕ್ಕೆ ಯಂತ್ರ ತಂದು ಗೋಡೆ ಕೆಡವಿದರು. ಪೂರ್ತಿ ಕೆಡವಲಿಲ್ಲ. ಒಂದು ತುಂಡನ್ನು, ಕಾವಲು ಗೋಪುರದ ಜೊತೆ, ಹಾಗೇ ಉಳಿಸಿ ಮ್ಯೂಸಿಯಂ ಮಾಡಿದ್ದಾರೆ. ಜರ್ಮನಿಯ ಶಾಲಾ ಮಕ್ಕಳು ಬಸ್ಸುಗಳಲ್ಲಿ ಬಂದು ನೋಡಿ ಹೋಗುತ್ತಾರೆ.

ಸರಿ, ದೇಶ ಒಂದಾಯಿತು, ಊರೂ ಒಂದಾಗಿರಬೇಕು ಅಲ್ವಾ? ಇಲ್ಲ! ರಾಜ್ಯಗಳ ಹಳೆಯ ಗಡಿ ಈಗಲೂ ಆ ತೊರೆಯೇ. ಒಂದು ದಡ ಬವೇರಿಯಾದ ಟ್ಯೋಪನ್ ಆಡಳಿತಕ್ಕೆ, ಇನ್ನೊಂದು ದಡ ತುರಿಂಗಿಯಾದ ಗೆಫೆಲ್ ಪಟ್ಟಣಕ್ಕೆ. ಮೇಯರ್ ಇಬ್ಬರು, ಪಿನ್‌ಕೋಡ್ ಎರಡು, ಕಾರಿನ ನಂಬರ್ ಪ್ಲೇಟೂ ಬೇರೆ ಬೇರೆ. ಎದುರು ದಡದ ಮನೆಗೆ ಲ್ಯಾಂಡ್‌ಲೈನ್‌ನಿಂದ ಫೋನ್ ಮಾಡಬೇಕಾದರೆ ಪರಸ್ಥಳದ ಕೋಡ್ ಒತ್ತಬೇಕು. ಒಂದು ಮಾಡಿಬಿಡಬಹುದಿತ್ತು ಅಂತ ನಮಗೆ ಅನಿಸುತ್ತದೆ. ಆದರೆ ಈ ಗಡಿಯ ಜೊತೆ ಅವರು ನೂರಾರು ವರ್ಷ ಬಾಳಿದವರು, ಅವರ ಜೀವ ಹಿಂಡಿದ್ದು ಅದರ ಮೇಲೆ ಕಟ್ಟಿದ ಗೋಡೆ.

ಇನ್ನು ರಜೆಯ ಲೆಕ್ಕವೂ ಬೇರೆ. ಜನವರಿ 6 ಬವೇರಿಯಾದಲ್ಲಿ ಸರ್ಕಾರಿ ರಜೆ, ತುರಿಂಗಿಯಾದಲ್ಲಿ ಅಲ್ಲ. ಅದಕ್ಕೆ ಪ್ರತಿಯಾಗಿ ತುರಿಂಗಿಯಾದವರು 2019ರಿಂದ ಸೆಪ್ಟೆಂಬರ್ 20ಕ್ಕೆ ಮಕ್ಕಳ ದಿನದ ರಜೆ ಕೊಡುತ್ತಾರೆ. ಆವತ್ತು ತೊರೆಯ ಆ ಕಡೆಯ ಮಕ್ಕಳಿಗೆ ಆಟ, ಈ ಕಡೆಯ ಮಕ್ಕಳಿಗೆ ಮಾತ್ರ ಶಾಲೆ. ನಮಸ್ಕಾರ.