ಡು ಬಾಯ್ಸ್ ದೇವರಿಗೆ ಕೇಳಿದ ಪ್ರಶ್ನೆ

ನಮಸ್ಕಾರ. 1946ರಲ್ಲಿ ಅಂಬೇಡ್ಕರ್ ಅವರು ಅಮೆರಿಕದ ಒಬ್ಬ ಕಪ್ಪು ವಿದ್ವಾಂಸರಿಗೆ ಪತ್ರ ಬರೆದಿದ್ದರು, ನೀವು ಕೇಳಿರಬಹುದು. ಆ ವಿದ್ವಾಂಸರೇ ಡಬ್ಲ್ಯೂ.ಇ.ಬಿ. ಡು ಬಾಯ್ಸ್. ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಪಡೆದ ಮೊದಲ ಕಪ್ಪು ಅಮೆರಿಕನ್. ಇವರು ಆಸ್ತಿಕರಾ, ನಾಸ್ತಿಕರಾ ಅಂತ ಇವತ್ತಿಗೂ ವಾದ ನಡೆಯುತ್ತದೆ. ಎರಡೂ ಕಡೆಯವರು ಅವರನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. ಆ ಎಳೆದಾಟದಲ್ಲಿ ಅವರ ಸಿಟ್ಟು ಎಲ್ಲಿಂದ ಬಂತು ಅನ್ನುವುದನ್ನು ಯಾರೂ ಕೇಳುವುದೇ ಇಲ್ಲ. ನನಗೆ ಮುಖ್ಯ ಅನ್ನಿಸುವುದು ಅದೇ.

ಅವರು ಹುಟ್ಟಿದ್ದು 1868ರಲ್ಲಿ, ಮ್ಯಾಸಚೂಸೆಟ್ಸ್‌ನ ಗ್ರೇಟ್ ಬ್ಯಾರಿಂಗ್ಟನ್ ಊರಲ್ಲಿ. ಚರ್ಚಿನ ನೆರಳಲ್ಲೇ ಬೆಳೆದರು. ಕಾಲೇಜಿಗೆ ಹೋಗಲು ದುಡ್ಡು ಕೊಟ್ಟಿದ್ದೂ ಚರ್ಚುಗಳೇ. ಅಂಥವರು 1894ರಲ್ಲಿ ಒಹಾಯೊದ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯಕ್ಕೆ ಮೇಷ್ಟ್ರಾಗಿ ಬಂದರು. ಅದು ಕಪ್ಪು ಚರ್ಚೊಂದು ನಡೆಸುತ್ತಿದ್ದ ಸಂಸ್ಥೆ. ಒಂದು ದಿನ ಸುಮ್ನೆ ಪ್ರಾರ್ಥನಾ ಸಭೆಯೊಂದಕ್ಕೆ ಕಾಲಿಟ್ಟರು. ಮುಂದೆ ನಿಂತಿದ್ದವರು, "ಈಗ ಪ್ರೊಫೆಸರ್ ಡು ಬಾಯ್ಸ್ ಪ್ರಾರ್ಥನೆ ನಡೆಸಿಕೊಡುತ್ತಾರೆ" ಅಂದುಬಿಟ್ಟರು. ಇವರು ಕೂಡಲೇ, "ಇಲ್ಲ, ನಡೆಸಿಕೊಡುವುದಿಲ್ಲ" ಅಂದರು. ಕೆಲಸವೇ ಹೋಗುವ ಹಾಗಿತ್ತು. ಮನಸ್ಸಿನಲ್ಲಿ ಇಲ್ಲದ್ದನ್ನು ಬಾಯಲ್ಲಿ ಹೇಳುವುದು ಅವರಿಂದ ಆಗುತ್ತಿರಲಿಲ್ಲ.

ಆಮೇಲೆ ಅಮೆರಿಕದ ದಕ್ಷಿಣದಲ್ಲಿರುವ ಅಟ್ಲಾಂಟಾಕ್ಕೆ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿ ಹೋದರು. 1899ರಲ್ಲಿ ಎರಡು ವರ್ಷವೂ ತುಂಬದ ಮಗ ಬರ್ಗ್‌ಹಾರ್ಟ್ ಗಂಟಲಮಾರಿಯಿಂದ ತೀರಿಕೊಂಡ. ಶವಯಾತ್ರೆ ಹೋಗುವಾಗ ಬೀದಿಯಲ್ಲಿದ್ದ ಬಿಳಿಯರು ಇವರತ್ತ ನೋಡಿ ಹೀನಾಯವಾಗಿ ಒಂದು ಬೈಗುಳ ಅಂದು ಮುಂದೆ ಹೋದರು. ಆ ಸಾವಿನ ಬಗ್ಗೆ ಬರೆಯುತ್ತಾ ಡು ಬಾಯ್ಸ್ ಒಂದು ಭಯಂಕರ ಮಾತು ಹೇಳುತ್ತಾರೆ: ತಮ್ಮೆದೆಯಲ್ಲಿ ಎಲ್ಲೋ ಒಂದು ಸಂತೋಷವೂ ಇತ್ತು, ಮಗು ಈ ಅವಮಾನಗಳಿಂದ ತಪ್ಪಿಸಿಕೊಂಡಿತಲ್ಲ ಅಂತ. ಹೆತ್ತ ತಂದೆಯ ಬಾಯಲ್ಲಿ ಇಂಥ ಮಾತು ಬರಿಸಿದ ಸಮಾಜ ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿತ್ತು.

1906ರ ಸೆಪ್ಟೆಂಬರ್‌ನಲ್ಲಿ ಅದೇ ಅಟ್ಲಾಂಟಾದಲ್ಲಿ ದಂಗೆ. ಬಿಳಿಯರ ಗುಂಪುಗಳು ಕಪ್ಪು ಜನರನ್ನು ಬೀದಿಯಲ್ಲಿ ಹುಡುಕಿ ಹುಡುಕಿ ಹೊಡೆದು ಕೊಂದವು. ಡು ಬಾಯ್ಸ್ ಅವತ್ತು ಊರಲ್ಲಿರಲಿಲ್ಲ. ಹೆಂಡತಿ ಮತ್ತು ಮಗಳು ಅಲ್ಲೇ ಇದ್ದರು. ವಾಪಸ್ ಬರುವಾಗ ರೈಲಿನಲ್ಲಿ ಕೂತು ಒಂದು ಪ್ರಾರ್ಥನೆ ಬರೆದರು. ಕುರುಡಾಗಿ, ಕಿವುಡಾಗಿ ಇನ್ನು ಕೂರಬೇಡ ಅಂತ ದೇವರನ್ನೇ ತರಾಟೆಗೆ ತೆಗೆದುಕೊಂಡರು. ಕೊನೆಗೆ ಕೇಳಿಯೇಬಿಟ್ಟರು: ನೀನೂ ಬಿಳಿಯನೇನು, ರಕ್ತವಿಲ್ಲದ, ಹೃದಯವಿಲ್ಲದ ಬಿಳಿಚಿದ ವಸ್ತುವೇನು? ಮರುಕ್ಷಣವೇ ಕ್ಷಮಿಸು ಅನ್ನುತ್ತಾರೆ. ನೀನು ನಮ್ಮ ಕಪ್ಪು ಹಿರಿಯರ ದೇವರು ಅನ್ನುತ್ತಾರೆ. ಆ ಪ್ರಶ್ನೆಗೂ ಆ ಕ್ಷಮೆಗೂ ನಡುವೆ ಒಂದು ಉಸಿರಿನಷ್ಟು ಜಾಗವಿಲ್ಲ. ದೇವರ ಜೊತೆ ಸಂಬಂಧವೇ ಇಲ್ಲದವರು ಹೀಗೆ ಜಗಳ ಆಡುತ್ತಾರಾ? ನೆಮ್ಮದಿಯಾಗಿ ನಂಬಿದವರಾದರೂ ಹೀಗೆ ಕೇಳುತ್ತಾರಾ?

ಇನ್ನೂ ಒಂದು ವಿಷಯವಿದೆ. ವಿಲ್ಬರ್‌ಫೋರ್ಸ್‌ನಲ್ಲಿ ಪ್ರಾರ್ಥನೆ ಒಲ್ಲೆ ಅಂದವರೇ 1909-10ರ ಸುಮಾರಿಗೆ ಅಟ್ಲಾಂಟಾದ ವಿದ್ಯಾರ್ಥಿಗಳಿಗಾಗಿ ತಾವೇ ಪ್ರಾರ್ಥನೆಗಳನ್ನು ಬರೆದರು. ಅವು ಪುಸ್ತಕವಾಗಿ ಬಂದಿದ್ದು 1980ರಲ್ಲಿ, ಅವರು ಸತ್ತ ಎಷ್ಟೋ ವರ್ಷದ ಮೇಲೆ. ಅವುಗಳಲ್ಲಿ ಸ್ವರ್ಗದ ಆಸೆ ತೋರಿಸಿ ಸಮಾಧಾನ ಮಾಡುವ ಧಾಟಿ ಇಲ್ಲ. ಆಗಲೇಬೇಕು ಅಂತ ನಮಗೇ ಗೊತ್ತಿರುವ ಕೆಲಸ ಮಾಡುವ ಧೈರ್ಯ ಕೊಡು ಅಂತ ಒಂದು ಪ್ರಾರ್ಥನೆ ಬೇಡುತ್ತದೆ. ಹೆಂಗಸರ ಬಿಡುಗಡೆ, ಮಕ್ಕಳ ಓದು, ಬಡತನ, ಕೊಲೆ, ಎಲ್ಲವೂ ಅದೊಂದರಲ್ಲೇ ಬರುತ್ತವೆ. ಇದರಲ್ಲಿ ನನಗೆ ಯಾವ ಇಬ್ಬಂದಿತನವೂ ಕಾಣುವುದಿಲ್ಲ. ಇನ್ನೊಬ್ಬರ ಮಾತನ್ನು ಹೇಳಲು ಒಲ್ಲೆ ಅಂದವರು ತಮ್ಮದೇ ಮಾತು ಸಿಕ್ಕಾಗ ಹೇಳಿದರು, ಅಷ್ಟೇ.

1948ರಲ್ಲಿ, ಎಂಬತ್ತರ ವಯಸ್ಸಲ್ಲಿ, ದೇವರನ್ನು ನಂಬುತ್ತೀರಾ ಅಂತ ಕೇಳಿದ ಒಬ್ಬ ಪಾದ್ರಿಗೆ ನೇರವಾಗಿ ಉತ್ತರಿಸಿದರು: ಮನುಷ್ಯರ ಒಳಿತಿಗಾಗಿ ಜಗತ್ತನ್ನು ಆಳುವ ವ್ಯಕ್ತಿಯಂಥ ದೇವರು ಅಂದರೆ, ನಂಬುವುದಿಲ್ಲ. ಇತಿಹಾಸದಲ್ಲೂ ನನ್ನ ಬದುಕಲ್ಲೂ ಅದಕ್ಕೆ ಪುರಾವೆ ಕಂಡಿಲ್ಲ. ಬದುಕನ್ನೆಲ್ಲ ನಡೆಸುವ, ನಮಗೆ ತಿಳಿಯದ ಒಂದು ಶಕ್ತಿ ಅಂದರೆ ಒಪ್ಪುತ್ತೇನೆ, ಅದನ್ನು ದೇವರು ಅಂತ ಬೇಕಾದರೆ ಕರೆಯಿರಿ. ಆ 'ನನ್ನ ಬದುಕು' ಅನ್ನುವುದರಲ್ಲಿ ಬರ್ಗ್‌ಹಾರ್ಟ್ ಇದ್ದಾನೆ, ಅಟ್ಲಾಂಟಾ ಇದೆ.

ಆದರೆ ಕೊನೆಗಾಲದ ಒಂದು ಮಾತನ್ನು ನಾನು ಒಪ್ಪಲಾರೆ. ಪಾದ್ರಿಗಳನ್ನು ಪೀಠದಿಂದ ಇಳಿಸಿದ್ದು ಸೋವಿಯತ್ ಒಕ್ಕೂಟದ ಅತಿ ದೊಡ್ಡ ಕೊಡುಗೆ ಅಂತ ಆತ್ಮಕಥೆಯಲ್ಲಿ ಬರೆದರು. ಅಲ್ಲಿ ಜೈಲು ಸೇರಿದ, ಗುಂಡಿಗೆ ಬಲಿಯಾದ ಭಕ್ತರನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತನ್ನ ಜನರ ನೋವನ್ನು ಅಷ್ಟು ಹತ್ತಿರದಿಂದ ನೋಡಿದವರು ಇದನ್ನು ನೋಡಬೇಕಿತ್ತು. ಇನ್ನೊಂದು ಕಡೆ ಅವರು 1903ರಲ್ಲೇ ಸರಿಯಾಗಿ ಕಂಡಿದ್ದರು. ಕಪ್ಪು ಜನರಿಗೆ ಚರ್ಚು ಅಂದರೆ ಪೂಜೆಯ ಜಾಗವಷ್ಟೇ ಅಲ್ಲ, ಅವರ ಇಡೀ ಸಮಾಜದ ಕೇಂದ್ರ ಅಂತ ಆಗಲೇ ಬರೆದಿದ್ದರು. 1955ರಲ್ಲಿ ಅಲಬಾಮಾದ ಮಾಂಟ್‌ಗೊಮರಿ ಊರಲ್ಲಿ, ಬಸ್ಸುಗಳಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದರ ವಿರುದ್ಧ ಅವರು ಬಸ್ ಹತ್ತುವುದನ್ನೇ ಬಿಟ್ಟು ಬಹಿಷ್ಕಾರ ಶುರುಮಾಡಿದಾಗ ಸಭೆ ಸೇರಿದ್ದು, ದುಡ್ಡು ಕೂಡಿಸಿದ್ದು, ಜನರನ್ನು ಒಟ್ಟಿಗೆ ಹಿಡಿದಿಟ್ಟಿದ್ದು ಅದೇ ಚರ್ಚುಗಳಲ್ಲಿ.